ಗರ್ಭಿಣಿ ಇದ್ದಾಗ ತಗೊಂಡ ಮಾತ್ರೆಯಿಂದ ಮಗುವಿಗೆ ಬ್ಲಡ್ ಕ್ಯಾನ್ಸರ್ ಬರುತ್ತಾ?

ಹಾನುಬಾಳು ಅಕ್ಕ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗನಿಗೆ ಮೂರು ವರ್ಷ. ಈಚೆಗೆ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾಯಿತು. ರಿಪೋರ್ಟಿನಲ್ಲಿ ಎ.ಎಲ್.ಎಲ್. ಅಂತ ಬರೆದಿದ್ದಾರೆ. ಬೆಂಗಳೂರಿನಲ್ಲಿ ಚಿಕಿತ್ಸೆ ಶುರುವಾಗಿದೆ, ಅಲ್ಲಿನ ಡಾಕ್ಟರು ಧೈರ್ಯವನ್ನೂ ಹೇಳಿದ್ದಾರೆ.

ನಾನು ಬರೆಯುತ್ತಿರುವುದು ತಂಗಿಯ ವಿಷಯಕ್ಕೆ. ಬಸುರಿ ಇದ್ದಾಗ ಅವಳಿಗೆ ವಾಂತಿ ವಿಪರೀತ. ಅದಕ್ಕೆ ಮಾತ್ರೆ ಕೊಟ್ಟಿದ್ದರು. ನಡುವೆ ಜ್ವರಕ್ಕೆ ಪ್ಯಾರಾಸಿಟಮಾಲ್, ಉರಿಮೂತ್ರಕ್ಕೆ ಆಂಟಿಬಯಾಟಿಕ್. ಸ್ಕ್ಯಾನಿಂಗ್ ಕೂಡ ಕೆಲವು ಸಲ ಆಗಿತ್ತು. ಈಗ ಗಂಡನ ಮನೆಯಲ್ಲಿ "ಅಷ್ಟೊಂದು ಮಾತ್ರೆ ನುಂಗಿದ್ದಕ್ಕೇ ಮಗುವಿಗೆ ಹೀಗಾಯ್ತು" ಅಂತ ಬಂದವರ ಮುಂದೆಲ್ಲ ಹೇಳುತ್ತಿದ್ದಾರೆ. ಇವಳು ಹಳೇ ಚೀಟಿಗಳನ್ನು ಹಾಸಿಗೆ ಮೇಲೆ ಹರಡಿಕೊಂಡು, ಒಂದೊಂದು ಮಾತ್ರೆಯ ಹೆಸರನ್ನೂ ಮೊಬೈಲಿನಲ್ಲಿ ಹುಡುಕುತ್ತಾ ಕೂರುತ್ತಾಳೆ. ಸರಿಯಾಗಿ ಊಟ ಮಾಡುತ್ತಿಲ್ಲ. ತಿಳಿದವರು ಯಾರಾದರೂ ಹೇಳಿ, ನಿಜಕ್ಕೂ ಸಂಬಂಧ ಇದೆಯಾ?

ಚನ್ನರಾಯಪಟ್ಟಣದ ಅಮ್ಮ

ಅಕ್ಕ, ನನ್ನ ಮಗಳಿಗೂ ಇದೇ ಕಾಯಿಲೆ ಇತ್ತು. ಚಿಕಿತ್ಸೆ ಮುಗಿದಿದೆ, ಈಗ ಸ್ಕೂಲಿಗೆ ಹೋಗುತ್ತಿದ್ದಾಳೆ. ಕಾರಣದ ವಿಷಯ ತಿಳಿದವರು ಹೇಳಲಿ. ನಾನು ಹೇಳುವುದು ಇಷ್ಟೇ, ನಿಮ್ಮ ತಂಗಿಯನ್ನು ಒಬ್ಬಳೇ ಬಿಡಬೇಡಿ. ಕೀಮೋ ನಡೆಯುವಾಗ ಮಗುವಿಗೆ ಜ್ವರ ಬಂದರೆ ಆ ಕ್ಷಣವೇ ಹೊರಡಬೇಕು, ಬೆಳಿಗ್ಗೆ ನೋಡೋಣ ಅನ್ನುವ ಹಾಗಿಲ್ಲ. ಅದಕ್ಕೆ ತಾಯಿ ಗಟ್ಟಿಯಾಗಿರಬೇಕು. ಮಾತು ಆಡುವವರನ್ನು ನೀವೇ ತಡೆಯಿರಿ.

ಮಕ್ಕಳ ಡಾಕ್ಟರ್, ಹಾಸನ

ಅಕ್ಕ, ಮೊದಲು ನೇರವಾದ ಉತ್ತರ. ನೀವು ಹೇಳಿದ ಮಾತ್ರೆಗಳಲ್ಲಿ ಯಾವುದೂ ಎ.ಎಲ್.ಎಲ್. ತರುತ್ತದೆ ಅಂತ ಸಾಬೀತಾಗಿಲ್ಲ. ಸ್ಕ್ಯಾನಿಂಗ್ ಅಂದರೆ ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಮಾಡುವ ಅಲ್ಟ್ರಾಸೌಂಡ್. ಅದರಲ್ಲಿ ಇರುವುದು ಶಬ್ದದ ಅಲೆ, ಎಕ್ಸ್‌ರೇ ಅಲ್ಲ, ವಿಕಿರಣ ಇಲ್ಲವೇ ಇಲ್ಲ. ನಮ್ಮ ಕಡೆ ಎರಡಕ್ಕೂ ಒಂದೇ ಹೆಸರಿಟ್ಟು ಹೆದರುವವರು ಬಹಳ ಜನ.

ಎ.ಎಲ್.ಎಲ್. ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್. ಎರಡರಿಂದ ಐದು ವರ್ಷದ ಒಳಗೆ ಜಾಸ್ತಿ. ಬಹಳ ಸಲ ಅದರ ಮೊದಲ ಹೆಜ್ಜೆ ಹೊಟ್ಟೆಯೊಳಗೇ ಆಗಿರುತ್ತದೆ. ಇದು ಗೊತ್ತಾದ ಬಗೆಯನ್ನು ನಿಮ್ಮ ತಂಗಿಗೂ ಹೇಳಿ. ವಿದೇಶಗಳಲ್ಲಿ ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ಒಂದೆರಡು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಇಡುತ್ತಾರೆ. ಬ್ರಿಟನ್ನಿನ ಕ್ಯಾನ್ಸರ್ ವಿಜ್ಞಾನಿ ಮೆಲ್ ಗ್ರೀವ್ಸ್ ಮತ್ತು ಅವರ ಜೊತೆಯವರು 1990ರ ದಶಕದ ಕೊನೆಯಲ್ಲಿ, ಮುಂದೆ ಲ್ಯುಕೇಮಿಯಾ (ಬ್ಲಡ್ ಕ್ಯಾನ್ಸರ್) ಬಂದ ಮಕ್ಕಳ ಆ ಹಳೇ ಕಾಗದಗಳನ್ನು ತೆಗೆಸಿ ಪರೀಕ್ಷೆ ಮಾಡಿದರು. ಕಾಯಿಲೆ ಕಾಣುವುದಕ್ಕೆ ವರ್ಷಗಳ ಮೊದಲು, ಹುಟ್ಟಿದ ವಾರದ ರಕ್ತದಲ್ಲೇ ಕಾಯಿಲೆಯ ಮೊದಲ ಹೆಜ್ಜೆಯಾದ ಜೀನ್ ಬದಲಾವಣೆ ಸಿಕ್ಕಿತು. ಆಮೇಲೆ ಆರೋಗ್ಯವಂತ ಮಕ್ಕಳ ರಕ್ತವನ್ನೂ ನೋಡಿದರು. ಅಲ್ಲೂ ನೂರಕ್ಕೆ ಒಂದು ಮಗುವಿನಲ್ಲಿ ಅದೇ ಬದಲಾವಣೆ ಇತ್ತು! ಅವರಲ್ಲಿ ಕಾಯಿಲೆ ಬರುವುದು ಮತ್ತೆ ನೂರಕ್ಕೆ ಸುಮಾರು ಒಬ್ಬರಿಗೆ. ಅಂದರೆ ಜೀವಕೋಶ ಒಡೆದು ಬೆಳೆಯುವಾಗ ತಾನಾಗಿ ಆಗುವ ತಪ್ಪು ಅದು. ಹುಟ್ಟಿದ ಮೇಲೆ ಇನ್ನೊಂದು ಏಟು ಬಿದ್ದರೆ ಮಾತ್ರ ಕಾಯಿಲೆ. ಆ ಎರಡನೇ ಏಟಿನಲ್ಲಿ ಸೋಂಕುಗಳ ಪಾತ್ರ ಇದೆ ಅನ್ನುವುದು ಗ್ರೀವ್ಸ್ ವಾದ.

ಇನ್ನೊಂದು ಮಾತು. ಬೆರಳು ಯಾವಾಗಲೂ ತಾಯಿಯ ಕಡೆಗೇ ಯಾಕೆ? ತಂದೆ ಬೀಡಿ, ಸಿಗರೇಟು ಸೇದುವುದಕ್ಕೂ ಮಕ್ಕಳ ಎ.ಎಲ್.ಎಲ್.ಗೂ ನಂಟು ಹಲವು ಅಧ್ಯಯನಗಳಲ್ಲಿ ಕಂಡಿದೆ. ತಂದೆ ತಾಯಿ ಸೇದುವುದರಿಂದ ಮಗುವಿಗೆ ಹೆಪಟೊಬ್ಲಾಸ್ಟೋಮಾ ಅನ್ನುವ ಲಿವರ್ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲೇ ಹೇಳಿದೆ. ಅದನ್ನು ಯಾರ ಮನೆಯಲ್ಲೂ ಯಾರೂ ಎತ್ತುವುದಿಲ್ಲ. ನಿಮ್ಮ ಭಾವನ ಮೇಲೆ ಹೊರೆಸಿ ಅಂತಲೂ ನಾನು ಹೇಳುತ್ತಿಲ್ಲ. ಒಂದು ಮಗುವಿನ ವಿಷಯದಲ್ಲಿ ಇದೇ ಕಾರಣ ಅಂತ ಯಾವ ಡಾಕ್ಟರೂ ಹೇಳಲಾರ.

ತೋಟದಮನೆ, ಮೂಡಿಗೆರೆ

ಡಾಕ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಔಷಧಿ ಎಲ್ಲ ಸೇಫ್ ಅಂದುಬಿಟ್ಟರೆ ಹೇಗೆ? ಗರ್ಭ ನಿಲ್ಲಲಿ ಅಂತ ಕೊಟ್ಟ ಔಷಧಿಯಿಂದ ಹೆಣ್ಣುಮಕ್ಕಳಿಗೆ ಕ್ಯಾನ್ಸರ್ ಬಂದದ್ದು ಅಮೆರಿಕದಲ್ಲಿ ಆಗಿದೆ ಅಂತ ಓದಿದ್ದೇನೆ. ಹಾಗಾದರೆ ಮನೆಯವರ ಅನುಮಾನ ಪೂರ್ತಿ ಸುಳ್ಳು ಅನ್ನುವುದಾದರೂ ಹೇಗೆ?

ಅಂಕಿಸಂಖ್ಯೆ ಟೀಚರ್, ಚಿಕ್ಕಮಗಳೂರು

ಇದಕ್ಕೆ ನಾನು ಉತ್ತರ ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಈ ಕಥೆಗಳನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಓದಿ.

ನೀವು ಓದಿದ್ದು ನಿಜ. ಆ ಔಷಧಿ ಡಿ.ಇ.ಎಸ್., ಪೂರ್ತಿ ಹೆಸರು ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್. 1938ರಲ್ಲಿ ತಯಾರಾದ ಕೃತಕ ಹಾರ್ಮೋನು. 1940ರ ದಶಕದಿಂದ ಗರ್ಭಪಾತ ತಡೆಯಲು ಅಂತ ಲಕ್ಷಾಂತರ ಹೆಂಗಸರಿಗೆ ಕೊಟ್ಟರು. 1953ರಲ್ಲಿ ಶಿಕಾಗೋದಲ್ಲಿ ಡೀಕ್‌ಮನ್ ಅನ್ನುವವರು ಸರಿಯಾದ ಪರೀಕ್ಷೆ ಮಾಡಿ, ಇದರಿಂದ ಗರ್ಭಪಾತ ತಪ್ಪುವುದೇ ಇಲ್ಲ ಅಂತ ತೋರಿಸಿದರು. ಆದರೂ ಬರೆಯುವುದು ನಿಲ್ಲಲಿಲ್ಲ. ಆಮೇಲೆ ಬಾಸ್ಟನ್ನಿನಲ್ಲಿ ಹದಿಹರೆಯದ ಮತ್ತು ಇಪ್ಪತ್ತರ ಆಸುಪಾಸಿನ ಹುಡುಗಿಯರಿಗೆ ಯೋನಿಯ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡಿತು. ಆ ವಯಸ್ಸಿಗೆ ಬಾರದ ಕಾಯಿಲೆ. ಡಾಕ್ಟರುಗಳಿಗೆ ತಲೆಬುಡ ಗೊತ್ತಾಗಲಿಲ್ಲ. ಒಬ್ಬ ಹುಡುಗಿಯ ತಾಯಿಯೇ ಕೇಳಿದಳು, "ನಾನು ಬಸುರಿ ಇದ್ದಾಗ ಡಿ.ಇ.ಎಸ್. ತಗೊಂಡಿದ್ದೆ, ಅದರಿಂದ ಆಗಿರಬಹುದಾ?" ಅಂತ. ಅಲ್ಲಿನ ಡಾಕ್ಟರ್ ಹರ್ಬ್ಸ್ಟ್ ಮತ್ತು ಜೊತೆಯವರು ಉಳಿದ ತಾಯಂದಿರನ್ನೂ ವಿಚಾರಿಸಿದರು. ಎಂಟು ಹುಡುಗಿಯರಲ್ಲಿ ಏಳು ಜನರ ತಾಯಂದಿರು ಅದೇ ಔಷಧಿ ತಗೊಂಡಿದ್ದರು. ಹೋಲಿಸಲು ಆರಿಸಿಕೊಂಡ 32 ತಾಯಂದಿರಲ್ಲಿ ಒಬ್ಬರೂ ತಗೊಂಡಿರಲಿಲ್ಲ. ಇದು 1971ರಲ್ಲಿ ಪ್ರಕಟವಾಯಿತು. ಗರ್ಭಿಣಿಯರಿಗೆ ಕೊಡಬೇಡಿ ಅಂತ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿದ್ದು ಅದೇ ವರ್ಷ.

ಎರಡನೆಯದು ಎಕ್ಸ್‌ರೇ ಕಥೆ. ಇಂಗ್ಲೆಂಡಿನ ಆಲಿಸ್ ಸ್ಟೂವರ್ಟ್ ಅನ್ನುವ ಡಾಕ್ಟರಮ್ಮ 1950ರ ದಶಕದಲ್ಲಿ, ಕ್ಯಾನ್ಸರಿನಿಂದ ಮಗು ಕಳೆದುಕೊಂಡ ತಾಯಂದಿರನ್ನೂ, ಮಗು ಚೆನ್ನಾಗಿರುವ ತಾಯಂದಿರನ್ನೂ ಒಂದೇ ಪ್ರಶ್ನೆಪಟ್ಟಿ ಹಿಡಿದು ಕೇಳಿಸಿದರು. ಬಸುರಿ ಇದ್ದಾಗ ಹೊಟ್ಟೆಗೆ ಎಕ್ಸ್‌ರೇ ತೆಗೆಸಿಕೊಂಡವರ ಮಕ್ಕಳಲ್ಲಿ ಕ್ಯಾನ್ಸರ್ ಸುಮಾರು ಎರಡರಷ್ಟು ಕಂಡಿತು. 1956ರಲ್ಲಿ ಹೇಳಿದಾಗ ಬಹಳ ಜನ ನಂಬಲಿಲ್ಲ. "ಮಗು ಸತ್ತ ತಾಯಿ ಎಲ್ಲವನ್ನೂ ಕೆದಕಿ ನೆನಪು ಮಾಡಿಕೊಳ್ಳುತ್ತಾಳೆ, ಉಳಿದವರು ಮರೆತಿರುತ್ತಾರೆ" ಅನ್ನುವುದು ಅವರ ಆಕ್ಷೇಪ. ಆ ಆಕ್ಷೇಪ ನ್ಯಾಯವಾದದ್ದೇ. ಆಮೇಲೆ ಅಮೆರಿಕದ ಮ್ಯಾಕ್‌ಮಹೋನ್ ಯಾರ ನೆನಪನ್ನೂ ಕೇಳದೆ, ಏಳು ಲಕ್ಷಕ್ಕೂ ಜಾಸ್ತಿ ಮಕ್ಕಳ ವಿಷಯದಲ್ಲಿ ಆಸ್ಪತ್ರೆಗಳ ಹಳೇ ದಾಖಲೆ ನೋಡಿದರು. 1962ರಲ್ಲಿ ಅವರ ಉತ್ತರ ಬಂತು: ಎರಡರಷ್ಟು ಅಲ್ಲ, ಸುಮಾರು 40% ಜಾಸ್ತಿ. ಸ್ಟೂವರ್ಟ್ ಮೂಲದಲ್ಲಿ ಸರಿ ಇದ್ದರು.

ಮೂರನೆಯದು ಇದಕ್ಕೆ ತದ್ವಿರುದ್ಧ. 1992ರಲ್ಲಿ ಬ್ರಿಸ್ಟಲ್‌ನ ಒಂದು ಅಧ್ಯಯನ, ಹುಟ್ಟಿದ ಮಗುವಿಗೆ ಕೊಡುವ ವಿಟಮಿನ್ ಕೆ ಇಂಜೆಕ್ಷನ್ನಿಗೂ ಲ್ಯುಕೇಮಿಯಾಕ್ಕೂ ನಂಟು ಕಾಣುತ್ತಿದೆ ಅಂದಿತು. ಜನ ಹೆದರಿದರು. ಮರುವರ್ಷವೇ ಸ್ವೀಡನ್ನಿನಲ್ಲಿ 1973ರಿಂದ 1989ರವರೆಗೆ ಹುಟ್ಟಿದ 13 ಲಕ್ಷಕ್ಕೂ ಜಾಸ್ತಿ ಮಕ್ಕಳ ದಾಖಲೆ ನೋಡಿದರು. ನಂಟು ಇರಲಿಲ್ಲ. ಬೇರೆ ದೇಶಗಳಲ್ಲೂ ದೊಡ್ಡ ಅಧ್ಯಯನಗಳು ಅದನ್ನು ಒಪ್ಪಲಿಲ್ಲ.

ಈ ಮೂರನ್ನೂ ಒಟ್ಟಿಗೆ ನೋಡಿ. ಅನುಮಾನ ಬಹಳ ಸಲ ಶುರುವಾಗುವುದು ತಾಯಿಯ ನೆನಪಿನಿಂದ. ಅದು ನಿಜವೋ ಸುಳ್ಳೋ ತೀರ್ಮಾನ ಆಗುವುದು ಕಾಯಿಲೆ ಬರುವ ಮೊದಲೇ ಬರೆದಿಟ್ಟ ಕಾಗದದಿಂದ. ಅಕ್ಕನ ತಂಗಿ ಹಾಸಿಗೆ ಮೇಲೆ ಚೀಟಿ ಹರಡಿಕೊಂಡಿದ್ದಾಳಲ್ಲ, ಪಕ್ಕದ ಮನೆಯ ಆರೋಗ್ಯವಂತ ಮಗುವಿನ ತಾಯಿಯ ಚೀಟಿ ತೆಗೆಸಿದರೆ ಅಲ್ಲೂ ಅದೇ ವಾಂತಿ ಮಾತ್ರೆ, ಅದೇ ಪ್ಯಾರಾಸಿಟಮಾಲ್ ಇರುತ್ತದೆ. ಆದರೆ ಆ ಚೀಟಿಯನ್ನು ಯಾರೂ ತೆಗೆಯುವುದಿಲ್ಲ. ಗಂಡನ ಮನೆಯವರು ಮಾಡುತ್ತಿರುವ ಲೆಕ್ಕದಲ್ಲಿ ಅರ್ಧ ಪುಟವೇ ಇಲ್ಲ.

ಮೆಡಿಕಲ್ ಶಾಪ್, ಬೇಲೂರು

ಟೀಚರಮ್ಮ ಹೇಳಿದ ಡಿ.ಇ.ಎಸ್. ಕಥೆಗೆ ಈಗಿನ ಕಾಲದ ಒಂದು ವಿಷಯ ಸೇರಿಸುತ್ತೇನೆ. ಗರ್ಭ ಬೇಗ ಇಳಿಯದಿರಲಿ ಅಂತ ವಾರಕ್ಕೊಂದು ಹಾಕುವ ಹೈಡ್ರಾಕ್ಸಿಪ್ರೊಜೆಸ್ಟರಾನ್ ಕ್ಯಾಪ್ರೊಯೇಟ್ ಇಂಜೆಕ್ಷನ್ ಇದೆ. ಅವಧಿಗೆ ಮುಂಚೆ ಹೆರಿಗೆ ಆಗುವುದನ್ನು ತಡೆಯಲು ಅಂತ ಅಮೆರಿಕದಲ್ಲಿ 2011ರಲ್ಲಿ ಅನುಮತಿ ಕೊಟ್ಟಿದ್ದರು. ಆಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ, 2023ರ ಏಪ್ರಿಲ್‌ನಲ್ಲಿ ಅನುಮತಿ ವಾಪಸ್ ತಗೊಂಡರು. ಮರುವರ್ಷ ಯುರೋಪಿನಲ್ಲೂ ಅದನ್ನು ತಡೆಹಿಡಿದರು. ಈ ನಡುವೆ 2021ರಲ್ಲಿ ಕ್ಯಾಲಿಫೋರ್ನಿಯಾದಿಂದ ಒಂದು ಅಧ್ಯಯನ ಬಂತು. 1960ರ ದಶಕದ ಆಸುಪಾಸಿನಲ್ಲಿ ಈ ಇಂಜೆಕ್ಷನ್ ತಗೊಂಡ ತಾಯಂದಿರ ಮಕ್ಕಳಲ್ಲಿ, ದೊಡ್ಡವರಾದ ಮೇಲೆ ಕ್ಯಾನ್ಸರ್ ಸುಮಾರು ಎರಡರಷ್ಟು ಅಂತ. ಅದೂ ಆಸ್ಪತ್ರೆ ದಾಖಲೆ ನೋಡಿ ಮಾಡಿದ್ದು. ಇಂಜೆಕ್ಷನ್ನೇ ಕಾರಣ ಅಂತ ಒಂದೇ ಅಧ್ಯಯನದಿಂದ ತೀರ್ಮಾನಿಸಲು ಆಗುವುದಿಲ್ಲ. ಆಗಲೇ ತಗೊಂಡವರು ಗಾಬರಿ ಆಗಬೇಡಿ. ಇನ್ನು ಮುಂದೆ ಯಾರಾದರೂ ಬರೆದರೆ "ಇದು ಯಾಕೆ, ಇದರ ಬದಲು ಬೇರೆ ಇದೆಯಾ" ಅಂತ ಕೇಳಿ. ಡಾಕ್ಟರು ಕೊಡುವ ಸಾದಾ ಪ್ರೊಜೆಸ್ಟರಾನ್ ಮಾತ್ರೆ, ಕ್ಯಾಪ್ಸೂಲ್ ಬೇರೆ, ಇದು ಬೇರೆ.

ಹೆದರಿಕೆಯ ಇನ್ನೊಂದು ಬದಿಯನ್ನೂ ಹೇಳಬೇಕು. ಅಕ್ಕನ ತಂಗಿ ತಗೊಂಡ ವಾಂತಿ ಮಾತ್ರೆ ಬಹುಶಃ ಡಾಕ್ಸಿಲಮೀನ್ ಮತ್ತು ವಿಟಮಿನ್ ಬಿ6 ಸೇರಿದ್ದು. ನಮ್ಮಲ್ಲಿ ಬಸುರಿಯರಿಗೆ ಬರೆಯುವುದು ಅದನ್ನೇ ಜಾಸ್ತಿ. ಅಮೆರಿಕದಲ್ಲಿ ಅದರ ಮೇಲೆ ಕೇಸಿನ ಮೇಲೆ ಕೇಸು ಬಿದ್ದು, 1983ರಲ್ಲಿ ಕಂಪನಿಯೇ ಮಾರುವುದನ್ನು ನಿಲ್ಲಿಸಿತು. ಅದರಿಂದ ಹಾನಿ ಅಂತ ಸಾಬೀತಾಗಿರಲಿಲ್ಲ. ಆಮೇಲೆ ಆದದ್ದೇನು? ವಾಂತಿಯಿಂದ ನಿತ್ರಾಣವಾಗಿ ಆಸ್ಪತ್ರೆ ಸೇರುವ ಬಸುರಿಯರು ಹೆಚ್ಚಾದರು. ಅದೇ ಮಾತ್ರೆಗೆ 2013ರಲ್ಲಿ ಮತ್ತೆ ಅನುಮತಿ ಕೊಟ್ಟರು.

ನನಗೆ ಬೇಸರ ಆಗುವುದು ಚೀಟಿ ಇಲ್ಲದೆ ಬಂದು "ತಲೆನೋವಿಗೆ ಎರಡು ಮಾತ್ರೆ ಕೊಡಿ" ಅನ್ನುವಾಗ. ಬಸುರಿ ಅಂತ ಹೇಳುವುದೂ ಇಲ್ಲ, ಕೆಲವು ಸಲ ಗಂಡನನ್ನು ಕಳಿಸಿರುತ್ತಾರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೆರೆತ ನೋವಿನ ಮಾತ್ರೆಗಳು ಇಪ್ಪತ್ತು ವಾರ ಕಳೆದ ಮೇಲೆ ಮಗುವಿನ ಕಿಡ್ನಿಗೆ ತೊಂದರೆ ಮಾಡಿ, ಗರ್ಭದ ನೀರು ಕಮ್ಮಿ ಮಾಡಬಹುದು. ಇದು ಕ್ಯಾನ್ಸರಿನ ಮಾತಲ್ಲ. ಆದರೆ ನಮ್ಮ ಊರುಗಳಲ್ಲಿ ದಿನವೂ ಎದುರಾಗುವ ಅಪಾಯ ಇದೇ.

ಕೊಪ್ಪದ ಹುಡುಗಿ

ಎಲ್ಲರ ಮಾತು ಓದುತ್ತಿದ್ದೇನೆ. ನನಗೆ ಫಿಟ್ಸ್ ಇದೆ, ದಿನಾ ಮಾತ್ರೆ ತಗೋತೀನಿ. ಮದುವೆಯಾಗಿದೆ, ಮಗು ಬೇಕು ಅಂತಿದ್ದೀವಿ. ಡಾಕ್ಟರು ಫೋಲಿಕ್ ಆಸಿಡ್ 5 ಮಿಲಿಗ್ರಾಂ ಬರೆದಿದ್ದಾರೆ. ಅದರಿಂದ ಮಗುವಿಗೆ ಕ್ಯಾನ್ಸರ್ ಅಂತ ಎಲ್ಲೋ ನೋಡಿ ನಿದ್ದೆ ಬರುತ್ತಿಲ್ಲ. ಬಿಟ್ಟುಬಿಡಲಾ?

ಮಕ್ಕಳ ಡಾಕ್ಟರ್, ಹಾಸನ

ಬಿಡಬೇಡಮ್ಮ. ಫೋಲಿಕ್ ಆಸಿಡನ್ನೂ ಬಿಡಬೇಡ, ಫಿಟ್ಸ್ ಮಾತ್ರೆಯನ್ನಂತೂ ಬಿಡಲೇಬೇಡ. ಬಸುರಿ ಇದ್ದಾಗ ಫಿಟ್ಸ್ ಬಂದರೆ ಇಬ್ಬರ ಜೀವಕ್ಕೂ ಅಪಾಯ.

ನೀನು ನೋಡಿದ್ದು 2022ರ ಒಂದು ಅಧ್ಯಯನ. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ದಾಖಲೆಗಳದ್ದು. ಫಿಟ್ಸ್ ಇರುವ ತಾಯಂದಿರಲ್ಲಿ ದೊಡ್ಡ ಪ್ರಮಾಣದ ಫೋಲಿಕ್ ಆಸಿಡ್, ಸರಾಸರಿ 4.3 ಮಿಲಿಗ್ರಾಂ, ತಗೊಂಡವರ ಮಕ್ಕಳಲ್ಲಿ ಕ್ಯಾನ್ಸರ್ 1.4%, ತಗೊಳ್ಳದವರ ಮಕ್ಕಳಲ್ಲಿ 0.6%. ಫಿಟ್ಸ್ ಇಲ್ಲದ ತಾಯಂದಿರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ದೊಡ್ಡ ಪ್ರಮಾಣ ತಗೊಂಡವರ ಮಕ್ಕಳಲ್ಲಿ ಒಟ್ಟು ಕ್ಯಾನ್ಸರ್ ಬಂದದ್ದು 18 ಮಕ್ಕಳಿಗೆ. ಸಣ್ಣ ಸಂಖ್ಯೆ, ಆದರೂ ಗಂಭೀರವಾಗಿ ತಗೊಳ್ಳಬೇಕಾದದ್ದೇ. ಅದಕ್ಕೇ "ನನಗೆ 5 ಮಿಲಿಗ್ರಾಂ ಬೇಕೇ, ಕಮ್ಮಿ ಸಾಕೇ?" ಅಂತ ನಿನ್ನ ನರರೋಗ ತಜ್ಞರನ್ನು ಬಸುರಿ ಆಗುವ ಮೊದಲೇ ಕೇಳು. ಎಷ್ಟು ಅನ್ನುವುದು ನೀನು ತಗೊಳ್ಳುವ ಫಿಟ್ಸ್ ಮಾತ್ರೆ ಯಾವುದು ಅನ್ನುವುದರ ಮೇಲೂ ಇದೆ.

ಉಳಿದವರು ಇದನ್ನು ಓದಿ ಕೆಂಪು ಮಾತ್ರೆ ಎಸೆಯಬೇಡಿ! ಸರ್ಕಾರದ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಅರ್ಧ ಮಿಲಿಗ್ರಾಂ ಫೋಲಿಕ್ ಆಸಿಡ್ ಮಾತ್ರ ಇದೆ. ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳಲು ಫೋಲಿಕ್ ಆಸಿಡ್ ಬೇಕೇ ಬೇಕು ಅಂತ 1991ರಲ್ಲೇ ಬ್ರಿಟನ್ನಿನ ದೊಡ್ಡ ಪರೀಕ್ಷೆ ತೋರಿಸಿದೆ. ಸಾಮಾನ್ಯ ಪ್ರಮಾಣದಲ್ಲಿ ತಗೊಂಡ ತಾಯಂದಿರ ಮಕ್ಕಳಲ್ಲಿ ಎ.ಎಲ್.ಎಲ್. ಸ್ವಲ್ಪ ಕಮ್ಮಿ ಅಂತಲೇ ಹಲವು ದೇಶಗಳ ಒಟ್ಟು ಲೆಕ್ಕ ಹೇಳುತ್ತದೆ.

ಅಂಕಿಸಂಖ್ಯೆ ಟೀಚರ್, ಚಿಕ್ಕಮಗಳೂರು

ಶೇಕಡಾವಾರು ನೋಡಿದ ಕೂಡಲೇ "ಎಷ್ಟರಲ್ಲಿ ಎಷ್ಟು?" ಅಂತ ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಡೆನ್ಮಾರ್ಕಿನಲ್ಲಿ 1996ರಿಂದ 2014ರವರೆಗೆ ಹುಟ್ಟಿದ ಸುಮಾರು 11.8 ಲಕ್ಷ ಮಕ್ಕಳನ್ನು ನೋಡಿದರು. ಬಸುರಿ ಅಂತ ಗೊತ್ತಿಲ್ಲದೆ ಗರ್ಭನಿರೋಧಕ ಮಾತ್ರೆ ಮುಂದುವರಿಸಿದವರು ಇರುತ್ತಾರಲ್ಲ, ಅಂಥವರ ಮಕ್ಕಳಲ್ಲೂ, ಸ್ವಲ್ಪ ಮೊದಲು ನಿಲ್ಲಿಸಿದವರ ಮಕ್ಕಳಲ್ಲೂ ಲ್ಯುಕೇಮಿಯಾ ಜಾಸ್ತಿ ಕಂಡಿತು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿ. ಲೆಕ್ಕ ಹಾಕಿದರೆ ಹೆಚ್ಚುವರಿ ಕಾಯಿಲೆ ಸುಮಾರು 50,000 ಮಕ್ಕಳಿಗೆ ಒಂದು.

ಆಶಾ, ಆಲೂರು ತಾಲ್ಲೂಕು

ನಮಸ್ತೆ. ಟೀಚರ್ ಮೇಡಂ ಬರೆದಿಟ್ಟ ಕಾಗದದ ಮಾತು ಹೇಳಿದರಲ್ಲ, ಅದು ನನ್ನ ಕೆಲಸದ ವಿಷಯ.

ನಮ್ಮಲ್ಲಿ ಎಲ್ಲ ಬಸುರಿಯರಿಗೂ ತಾಯಿ ಕಾರ್ಡ್ ಇದೆ. ರಕ್ತ, ಬಿಪಿ, ತೂಕ, ಟಿಡಿ ಇಂಜೆಕ್ಷನ್ (ಮೊದಲಿನ ಟಿಟಿ), ಕಬ್ಬಿಣದ ಮಾತ್ರೆ ಎಲ್ಲ ಬರೆಯುತ್ತೇವೆ. ಆದರೆ ಹೊರಗೆ ಪ್ರೈವೇಟಿನಲ್ಲಿ ತೋರಿಸಿದ್ದು, ಅಂಗಡಿಯಲ್ಲಿ ಕೇಳಿ ತಗೊಂಡದ್ದು, ನಾಟಿ ಔಷಧಿ ಕುಡಿದದ್ದು ಯಾವುದೂ ಅದರಲ್ಲಿ ಇರುವುದಿಲ್ಲ. ಯಾವ ಮಾತ್ರೆ ತಗೊಂಡೆ ಅಂದರೆ "ಬಿಳೀದು, ಉದ್ದಕ್ಕಿತ್ತು" ಅನ್ನುತ್ತಾರೆ. ಅವರದೂ ತಪ್ಪಲ್ಲ. ಅಂಗಡಿಯವರು ಹತ್ತರ ಹಾಳೆಯಿಂದ ಎರಡು ಕತ್ತರಿಸಿ ಕೊಡುತ್ತಾರೆ. ಹೆಸರು ಒಂದು ತುದಿಯಲ್ಲಿ, ಎಕ್ಸ್‌ಪೈರಿ ಇನ್ನೊಂದು ತುದಿಯಲ್ಲಿ ಉಳಿದುಹೋಗುತ್ತದೆ. ಇವರ ಕೈಗೆ ಬರುವ ತುಂಡಿನಲ್ಲಿ "ಟ್ಯಾಬ್ಲೆಟ್ಸ್ ಐ.ಪಿ." ಅಂತ ಅರ್ಧ ಸಾಲು ಬಿಟ್ಟರೆ ಏನೂ ಇಲ್ಲ.

ಅದಕ್ಕೆ ನಮ್ಮ ಕಡೆಯ ಬಸುರಿಯರಿಗೆ ಒಂದು ಮಾತು ಹೇಳಿಕೊಟ್ಟಿದ್ದೇನೆ. ಕತ್ತರಿಸುವ ಮೊದಲು ಪೂರ್ತಿ ಹಾಳೆಯ ಹಿಂಬದಿಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಚೀಟಿಯನ್ನು ತಾಯಿ ಕಾರ್ಡಿನ ಒಳಗೇ ಮಡಿಚಿ ಇಡಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇರುತ್ತದಲ್ಲ, ಅವತ್ತು ಡಾಕ್ಟರಿಗೆ ತೋರಿಸಿ ಕಾರ್ಡಿನಲ್ಲಿ ಬರೆಸಿ. ಹೆರಿಗೆ ಆದ ಮೇಲೂ ಕಾರ್ಡ್ ಬಿಸಾಡಬೇಡಿ.

ಮೆಡಿಕಲ್ ಶಾಪ್, ಬೇಲೂರು

ಆಶಾ ಮೇಡಂ ಹೇಳಿದ್ದು ಸರಿ. ಬಿಲ್ ಕೇಳಿ, ಅದರಲ್ಲಿ ಹೆಸರು, ಬ್ಯಾಚ್ ನಂಬರ್ ಎರಡೂ ಇರಬೇಕು. ಯಾವುದೇ ಔಷಧಿಯಿಂದ ತೊಂದರೆ ಆಯಿತು ಅನ್ನಿಸಿದರೆ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು. ಅದು ದೇಶದ ಔಷಧಿ ಸುರಕ್ಷತಾ ವಿಭಾಗದ ನಂಬರು. ಡಾಕ್ಟರೇ ಆಗಬೇಕು ಅಂತಿಲ್ಲ, ಯಾರು ಬೇಕಾದರೂ ಹೇಳಬಹುದು.

ತೋಟದಮನೆ, ಮೂಡಿಗೆರೆ

ನನ್ನ ಪ್ರಶ್ನೆಗೆ ಇಷ್ಟು ಬಿಡಿಸಿ ಹೇಳಿದ್ದಕ್ಕೆ ಟೀಚರಿಗೆ ಕೈ ಮುಗಿಯುತ್ತೇನೆ. ಇನ್ನೆರಡು ಕೇಳಬೇಕಿತ್ತು. ಒಂದು, ತೋಟದಲ್ಲಿ ಔಷಧಿ ಹೊಡೆಯುವುದು. ಎರಡು, ನಮ್ಮ ಮನೆ ಹೆಂಗಸರ ಕಾಫಿ. ದಿನಕ್ಕೆ ಎಷ್ಟು ಲೋಟ ಅಂತ ಲೆಕ್ಕವೇ ಇಲ್ಲ.

ಮಕ್ಕಳ ಡಾಕ್ಟರ್, ಹಾಸನ

ತೋಟದ ಔಷಧಿ ನನಗೆ ಮಾತ್ರೆಗಿಂತ ಜಾಸ್ತಿ ಚಿಂತೆ ತರುವ ವಿಷಯ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಬಸುರಿ ಇದ್ದಾಗ ಮನೆಯಲ್ಲಿ ಕೀಟನಾಶಕ ಬಳಸಿದವರ ಮಕ್ಕಳಲ್ಲಿ ಎ.ಎಲ್.ಎಲ್. ಸುಮಾರು 40% ಜಾಸ್ತಿ ಕಂಡಿದೆ. ಕೆಲಸದಲ್ಲಿ ಕೀಟನಾಶಕ ಮುಟ್ಟುವ ತಾಯಂದಿರ ಮಕ್ಕಳಲ್ಲಿ ಎ.ಎಂ.ಎಲ್. ಅನ್ನುವ ಇನ್ನೊಂದು ಬಗೆಯ ಲ್ಯುಕೇಮಿಯಾ ಹೆಚ್ಚು. ಇದರಲ್ಲಿ ನೆನಪಿನ ಮೇಲೆ ನಿಂತ ಭಾಗ ಜಾಸ್ತಿ, ಟೀಚರ್ ಹೇಳಿದ ಆಕ್ಷೇಪ ಇಲ್ಲೂ ಇದೆ. ಆದರೆ ಮಾತ್ರೆಯಿಂದ ಪ್ರಯೋಜನ ಇರುತ್ತದೆ, ಕೀಟನಾಶಕದಿಂದ ಬಸುರಿಗೆ ಯಾವ ಪ್ರಯೋಜನವೂ ಇಲ್ಲ. ದೂರ ಇಟ್ಟರೆ ಕಳೆದುಕೊಳ್ಳುವುದೇನು? ಹಿಂದೆ ಕಾಫಿ ಗಿಡದ ಕಾಂಡಕೊರಕ ಹುಳಕ್ಕೆ ಲಿಂಡೇನ್ ಅನ್ನುವ ಕೀಟನಾಶಕ ಬಳಿಯುತ್ತಿದ್ದರು. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ 2015ರಲ್ಲಿ ತೀರ್ಮಾನವಾಯಿತು. ನಮ್ಮ ದೇಶದಲ್ಲಿ ಅಷ್ಟರೊಳಗೆ ನಿಷೇಧ ಆಗಿತ್ತು. ಹಳೇ ಡಬ್ಬ ಗೋಡೌನಿನ ಮೂಲೆಯಲ್ಲಿ ಉಳಿದಿದ್ದರೆ ಯಾರನ್ನೂ ಮುಟ್ಟಲು ಬಿಡಬೇಡಿ.

ಬಸುರಿ ಆಳುಗಳಿಗೆ ಔಷಧಿ ಕಲಸುವ, ಡ್ರಮ್ ತೊಳೆಯುವ ಕೆಲಸ ಕೊಡಬೇಡಿ. ಹೊಡೆದ ದಿನ ಆ ಪಟ್ಟೆಗೆ ಕಳಿಸಬೇಡಿ, ಆ ದಿನದ ಕೂಲಿಯನ್ನೂ ಕತ್ತರಿಸಬೇಡಿ. ಲೈನ್ ಮನೆಗಳಲ್ಲಿ ಹೊಡೆದವನ ಬಟ್ಟೆಯನ್ನು ಮನೆಯ ಹೆಂಗಸೇ ಕೈಯಲ್ಲಿ ಒಗೆಯುತ್ತಾಳೆ. ಅವಳು ಬಸುರಿ ಇದ್ದರೆ ಅವನೇ ಒಗೆದುಕೊಳ್ಳಲಿ.

ಕಾಫಿ ವಿಷಯ ಸಣ್ಣದು. ದಿನಕ್ಕೆ ಎರಡು ಕಪ್‌ಗಿಂತ ಜಾಸ್ತಿ ಕುಡಿದವರ ಮಕ್ಕಳಲ್ಲಿ ಸ್ವಲ್ಪ ಏರಿಕೆ ಕೆಲವು ಅಧ್ಯಯನಗಳಲ್ಲಿ ಕಂಡಿದೆ, ಗಟ್ಟಿ ಸಾಕ್ಷಿ ಅಲ್ಲ. ಮಗುವಿನ ತೂಕ ಕಮ್ಮಿಯಾಗದಿರಲಿ ಅಂತಲಾದರೂ ಎರಡಕ್ಕೆ ನಿಲ್ಲಿಸಿ. ಕಬ್ಬಿಣದ ಮಾತ್ರೆಯನ್ನು ಮಾತ್ರ ಕಾಫಿ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ಕಾಫಿಗೂ ಮಾತ್ರೆಗೂ ಒಂದೆರಡು ಗಂಟೆ ಅಂತರ ಇರಲಿ.

ಹಾನುಬಾಳು ಅಕ್ಕ (ಸಕಲೇಶಪುರ)

ಎಲ್ಲವನ್ನೂ ತಂಗಿಗೆ ಓದಿ ಹೇಳಿದೆ. ಟೀಚರ್ ಬರೆದ "ಪಕ್ಕದ ಮನೆಯ ಚೀಟಿ" ಭಾಗವನ್ನು ಭಾವನ ಕೈಯಲ್ಲೇ ಅವರಮ್ಮನಿಗೆ ಓದಿಸಿದ್ದೇವೆ. ನಿಮ್ಮೆಲ್ಲರಿಗೂ ಋಣಿ.

ಅರಸೀಕೆರೆ ಅಪ್ಪ

ನನ್ನ ಹೆಂಡತಿಗೆ ಈ ವಾರವೇ ಡೇಟ್ ಕೊಟ್ಟಿದ್ದಾರೆ. ಮಗು ಹುಟ್ಟಿದ ಕೂಡಲೇ ಕೊಡುವ ಆ ವಿಟಮಿನ್ ಕೆ ಇಂಜೆಕ್ಷನ್ ಬೇಡ ಅಂತ ನಮ್ಮ ನೆಂಟರ ಗ್ರೂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಕ್ಯಾನ್ಸರ್ ಅಂತಲೇ ಬರೆದಿದ್ದಾರೆ. ಬೇಡ ಅನ್ನಲಾ, ಹಾಕಿಸಲಾ?

ಮಕ್ಕಳ ಡಾಕ್ಟರ್, ಹಾಸನ

ಹಾಕಿಸಿ. ಆ ಮೆಸೇಜಿನ ಮೂಲ ಮೇಲೆ ಟೀಚರ್ ಹೇಳಿದ ಬ್ರಿಸ್ಟಲ್ ಅಧ್ಯಯನವೇ ಇರಬೇಕು. ಅದು ನಿಲ್ಲಲಿಲ್ಲ. ವಿಟಮಿನ್ ಕೆ ಇಲ್ಲದಿದ್ದರೆ ಮಗುವಿನ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಚೆನ್ನಾಗಿ ಎದೆಹಾಲು ಕುಡಿಯುತ್ತಿರುವ ಮಗುವಿಗೂ ಒಂದೆರಡು ತಿಂಗಳಿಗೆ ಇದ್ದಕ್ಕಿದ್ದ ಹಾಗೆ ಮೆದುಳಿನೊಳಗೆ ರಕ್ತಸ್ರಾವ ಆಗಬಹುದು. ಒಂದು ಮಿಲಿಗ್ರಾಂ, ತೊಡೆಗೆ, ಒಂದೇ ಸಲ. ಡಿಸ್ಚಾರ್ಜ್ ಮಾಡುವಾಗ ಕೊಟ್ಟಿದ್ದನ್ನು ಚೀಟಿಯಲ್ಲಿ ಬರೆದಿದ್ದಾರಾ ನೋಡಿ, ಇಲ್ಲದಿದ್ದರೆ ನರ್ಸಮ್ಮನ ಹತ್ತಿರ ಕೇಳಿ ಬರೆಸಿಕೊಳ್ಳಿ.